ನೆಂಟನಲ್ಲದವನ ಸಾವಿಗೆ ಇಷ್ಟು ಅಳಬಹುದಾ?

ಪ್ರಶ್ನೆ: ನನಗೆ 47 ವರ್ಷ. ಊರು ತಿಪಟೂರಿನ ಹತ್ತಿರದ ಹಳ್ಳಿ. ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು, ನಾಗರಬಾವಿಯಲ್ಲಿ ಮನೆ. ಎರಡು ತಿಂಗಳ ಹಿಂದೆ ಊರಲ್ಲಿ ನಮ್ಮ ಪಕ್ಕದ ಮನೆಯ ಗೆಳೆಯ ಹೃದಯಾಘಾತದಿಂದ ತೀರಿಕೊಂಡ. ಇಬ್ಬರೂ ಒಂದೇ ಕ್ಲಾಸು. ಅವನು ಊರಲ್ಲೇ ಉಳಿದು ಮೋಟಾರು, ಪಂಪ್‌ಸೆಟ್ ರಿಪೇರಿ ಮಾಡಿಕೊಂಡಿದ್ದ. ನನ್ನ ಅಪ್ಪ-ಅಮ್ಮನನ್ನು ಆಸ್ಪತ್ರೆಗೆ ಕರ್ಕೊಂಡು ಹೋಗುತ್ತಿದ್ದವನು ಅವನೇ. ಅವನ ಮಣ್ಣಿಗೆ ನನಗೆ ಹೋಗಲಾಗಲಿಲ್ಲ. ಆಫೀಸಲ್ಲಿ ‘ನಿಮಗೆ ಏನಾಗಬೇಕು?’ ಎಂದು ಕೇಳಿದರು. ಪಕ್ಕದ ಮನೆಯವನು ಅಂದೆ. ರಜೆ ಸಿಗಲಿಲ್ಲ. ತಿಥಿಗೆ ಹೋಗಿ ಊಟ ಮಾಡಿ ಬಂದೆ. ಈಗ ಮೆಟ್ರೋದಲ್ಲಿ ಕೂತರೆ ಸುಮ್ನೆ ಕಣ್ಣಲ್ಲಿ ನೀರು ಬರುತ್ತದೆ. ‘ಸ್ವಂತ ಚಿಕ್ಕಪ್ಪ ಹೋದಾಗಲೂ ಹೀಗೆ ಅತ್ತಿರಲಿಲ್ಲ’ ಅನ್ನುತ್ತಾಳೆ ಹೆಂಡತಿ. ಮುಂದಿನ ತಿಂಗಳು ಊರಿನವರು ನುಡಿನಮನ ಇಟ್ಟುಕೊಂಡಿದ್ದಾರೆ, ನೀನೇ ಮಾತಾಡಬೇಕು ಎಂದು ಹಿಡಿದಿದ್ದಾರೆ. ಏನು ಮಾತಾಡಲಿ? ಅವನ ನಂಬರ್ ಇನ್ನೂ ಫೋನಲ್ಲಿದೆ, ಅಳಿಸಿಬಿಡಲಾ? ನನಗೇನಾದರೂ ಮಾನಸಿಕ ತೊಂದರೆ ಶುರುವಾಗಿದೆಯಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಇಲ್ಲ, ನೀವು ಬರೆದಿರುವುದರಲ್ಲಿ ಕಾಯಿಲೆಯ ಲಕ್ಷಣ ಕಾಣುತ್ತಿಲ್ಲ. ಒಬ್ಬ ಒಳ್ಳೆಯ ಮನುಷ್ಯನನ್ನು ಕಳೆದುಕೊಂಡು ಎರಡೇ ತಿಂಗಳಾಗಿದೆ. ಅಳು ಬರದಿದ್ದರೆ ವಿಚಿತ್ರ.

ಆದರೆ ನಿಮ್ಮ ಹೆಂಡತಿ ಹೇಳಿದ ಮಾತನ್ನು ಹಾಗೇ ತಳ್ಳಿಹಾಕಬೇಡಿ. ಚಿಕ್ಕಪ್ಪನಿಗೆ ಬಾರದ ಅಳು ಗೆಳೆಯನಿಗೆ ಯಾಕೆ ಬಂತು? ಪ್ರೀತಿ ಹೆಚ್ಚು ಕಡಿಮೆ ಅನ್ನುವುದಷ್ಟೇ ಇದಕ್ಕೆ ಕಾರಣ ಅಲ್ಲ. ನಮ್ಮ ಕಡೆ ಸಾವಿನ ಮನೆಯಲ್ಲಿ ಎಲ್ಲರಿಗೂ ಒಂದೊಂದು ಕೆಲಸ ಇರುತ್ತದೆ. ಮಗ ಮಾಡಬೇಕಾದ್ದು ಒಂದು, ಸೊಸೆಯರದ್ದು ಇನ್ನೊಂದು. ದಾಯಾದಿಗಳಿಗೆ ಸೂತಕ. ಮೂರನೇ ದಿನ ಹಾಲು-ತುಪ್ಪ, ಹನ್ನೊಂದಕ್ಕೆ ತಿಥಿ. ಮನೆತನಕ್ಕೆ ತಕ್ಕ ಹಾಗೆ ದಿನ, ಪದ್ಧತಿ ಬದಲಾಗಬಹುದು, ಆದರೆ ಇದೆಲ್ಲ ನೆಂಟರ ಲೆಕ್ಕ. ಚಿಕ್ಕಪ್ಪ ಹೋದಾಗ ನಿಮಗೆ ಈ ಲೆಕ್ಕದಲ್ಲಿ ಜಾಗ ಇತ್ತು. ಸೂತಕ ಹಿಡಿದಿರಿ, ಸ್ನಾನ ಮಾಡಿದಿರಿ, ಓಡಾಡಿದಿರಿ, ಮುಗಿಸಿದಿರಿ. ದುಃಖಕ್ಕೆ ಒಂದು ಆರಂಭ, ಒಂದು ಮುಗಿತಾಯ ಸಿಕ್ಕಿತ್ತು.

ಪಕ್ಕದ ಮನೆಯವರ ಲೆಕ್ಕವೇ ಬೇರೆ. ಅವರ ಕೆಲಸವೆಲ್ಲ ಮೊದಲ ದಿನವೇ. ಚಟ್ಟಕ್ಕೆ ಬಿದಿರು ತರಬೇಕು, ಗುಂಡಿ ತೋಡಿಸಬೇಕು, ಕುರ್ಚಿ ತರಿಸಬೇಕು, ದೂರದ ನೆಂಟರಿಗೆ ಫೋನ್ ಮಾಡಿ ‘ಬರೋ ತನಕ ಇಡ್ತೀವಿ’ ಎಂದು ಹೇಳಬೇಕು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಹಾಗಾಗಿ ಆ ಮಕ್ಕಳಿಗೆ ಕಾಫಿ, ಅನ್ನ-ಸಾರು ಪಕ್ಕದ ಮನೆಯಿಂದಲೇ ಹೋಗಬೇಕು. ಇದಕ್ಕೆ ಶಾಸ್ತ್ರದ ಪುಸ್ತಕದಲ್ಲಿ ಹೆಸರಿಲ್ಲ, ಆದರೆ ಇದಿಲ್ಲದೆ ಯಾವ ಊರಲ್ಲೂ ಹೆಣ ಎತ್ತಲಾಗದು. ನಿಮ್ಮ ಪಾಲಿಗೆ ಬಂದ ಕೆಲಸ ಇದೇ ಆಗಿತ್ತು, ಇದೇ ನಿಮ್ಮ ಕೈ ತಪ್ಪಿತು. ತಿಥಿಗೆ ಹೋದಾಗ ನೀವು ಎಲೆ ಮುಂದೆ ಕೂತ ಹತ್ತಾರು ಜನರಲ್ಲಿ ಒಬ್ಬರು ಅಷ್ಟೆ. ಊಟ ಮಾಡಿದಿರಿ, ಬಂದಿರಿ. ಮಾಡಬೇಕಾದ್ದು ಒಳಗೇ ಉಳಿದುಬಿಟ್ಟಿತು.

ಆಫೀಸಿನ ‘ಏನಾಗಬೇಕು?’ ಅನ್ನುವ ಪ್ರಶ್ನೆ ಚುಚ್ಚುವುದು ಇದಕ್ಕೇ. ಅಮೆರಿಕದ ವಿದ್ವಾಂಸ ಕೆನ್ನೆತ್ ಡೋಕಾ 1989ರಲ್ಲಿ ಇಂಥ ದುಃಖದ ಬಗ್ಗೆ ವಿವರವಾಗಿ ಬರೆದರು. ಸಮಾಜ ಲೆಕ್ಕಕ್ಕೇ ತೆಗೆದುಕೊಳ್ಳದ ದುಃಖ ಅದು. ಗೆಳೆಯರು, ನೆರೆಯವರು, ಸಹೋದ್ಯೋಗಿಗಳು, ಬಿಟ್ಟುಹೋದ ಹಳೆಯ ಸಂಗಾತಿಗಳು ಅನುಭವಿಸುವಂಥದ್ದು. ನೋವು ನೆಂಟರಷ್ಟೇ ಇರುತ್ತದೆ, ಆದರೆ ರಜೆ ಇಲ್ಲ, ಸಮಾಧಾನ ಹೇಳುವವರಿಲ್ಲ, ಅಳೋಕೆ ಒಂದು ಜಾಗ ಇಲ್ಲ. ಹಾಗಾಗಿ ಅದು ಮೆಟ್ರೋದಲ್ಲಿ ಹೊರಗೆ ಬರುತ್ತದೆ. ಮನೆಗೂ ಆಫೀಸಿಗೂ ನಡುವೆ ನಿಮಗೆ ಒಬ್ಬರೇ ಇರಲು ಸಿಗುವ ಸಮಯ ಅದೊಂದೇ ಅಲ್ವಾ?

ಬೆಂಗಳೂರಿಗೆ ನೆಂಟಸ್ತಿಕೆ ಕೇಳದೆ ಅಳೋದು ಗೊತ್ತಿಲ್ಲ ಅಂತೇನಿಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಕಂಠೀರವ ಸ್ಟೇಡಿಯಂ ಮುಂದೆ ಸಾಲು ನಿಂತವರನ್ನು ನೆನೆಸಿಕೊಳ್ಳಿ. ಆಟೋದವರು, ಹೂ ಮಾರುವವರು, ಕಾಲೇಜು ಹುಡುಗರು. ಬಹಳ ಜನ ಅವರನ್ನು ಒಮ್ಮೆಯೂ ಎದುರಿಗೆ ನೋಡಿದವರಲ್ಲ. ‘ನಿಮಗೆ ಅಪ್ಪು ಏನಾಗಬೇಕು?’ ಎಂದು ಯಾರೂ ಕೇಳಲಿಲ್ಲ. ನೀವು ಅಳುತ್ತಿರುವುದು ನಿಮ್ಮ ತಾಯಿಯನ್ನು ಬೈಕ್ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ಹೋದವನಿಗಾಗಿ. ಅದಕ್ಕೆ ಯಾರ ಒಪ್ಪಿಗೆಯೂ ಬೇಡ.

ಒಂದು ಎಚ್ಚರಿಕೆ. ಗೂಗಲ್ ಮಾಡಿದರೆ ದುಃಖಕ್ಕೆ ಐದು ಹಂತ ಅನ್ನುವ ಪಟ್ಟಿ ನಿಮ್ಮ ಕಣ್ಣಿಗೆ ಬೀಳುತ್ತದೆ. ನಾನು ಯಾವ ಹಂತದಲ್ಲಿದ್ದೇನೆ ಎಂದು ತಲೆ ಕೆಡಿಸಿಕೊಳ್ಳಬೇಡಿ. ಮನೋವೈದ್ಯೆ ಎಲಿಸಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಆ ಹಂತಗಳನ್ನು ಬರೆದದ್ದು ಸಾಯುವ ಕಾಯಿಲೆ ಇದ್ದ ರೋಗಿಗಳ ಜೊತೆ ಮಾತಾಡಿ. ಉಳಿದವರ ದುಃಖಕ್ಕೆ ಅದನ್ನು ಅಂಟಿಸಿದ್ದು ಆಮೇಲೆ. ದುಃಖ ಮೆಟ್ಟಿಲು ಹತ್ತಿದಂತೆ ಸಾಗುವುದಿಲ್ಲ. ನೆದರ್ಲೆಂಡ್ಸ್‌ನ ಸ್ಟ್ರೋಬ ಮತ್ತು ಸ್ಖುಟ್ ಎಂಬ ಸಂಶೋಧಕರು 1999ರಲ್ಲಿ ಹೇಳಿದ ಮಾತು ನಾನು ದಿನಾ ನೋಡುವುದಕ್ಕೆ ಜಾಸ್ತಿ ಹೊಂದುತ್ತದೆ. ಮನಸ್ಸು ನೋವಿನ ಕಡೆ ಹೋಗುತ್ತದೆ, ಮತ್ತೆ ಕೆಲಸದ ಕಡೆ ಬರುತ್ತದೆ, ಮತ್ತೆ ಹೋಗುತ್ತದೆ. ಈ ಓಡಾಟವೇ ವಾಸಿಯಾಗುವ ದಾರಿ. ಬೆಳಿಗ್ಗೆ ಅತ್ತು ಮಧ್ಯಾಹ್ನ ಮೀಟಿಂಗಲ್ಲಿ ಜೋಕಿಗೆ ನಕ್ಕರೆ ನೀವು ಗೆಳೆಯನಿಗೆ ಮೋಸ ಮಾಡಿದಂತೆ ಅಲ್ಲ.

ಈಗ ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ ಸಾಲಿಗೆ ಬರುತ್ತೇನೆ. ‘ನನ್ನ ಅಪ್ಪ-ಅಮ್ಮನನ್ನು ಆಸ್ಪತ್ರೆಗೆ ಕರ್ಕೊಂಡು ಹೋಗುತ್ತಿದ್ದವನು ಅವನೇ.’ ಇದನ್ನು ಬರೆದು ನೀವು ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ನಾನು ಇಲ್ಲೇ ನಿಲ್ಲುತ್ತೇನೆ.

ಬೆಂಗಳೂರಲ್ಲಿ ಕೆಲಸಕ್ಕಿರುವ ಲಕ್ಷಾಂತರ ಜನರ ಮನೆ ಊರಲ್ಲಿ ನಡೆಯುವುದು ಇಂಥ ಒಬ್ಬರಿಂದ. ಅಮ್ಮನ ಬಿಪಿ ಮಾತ್ರೆ ಮುಗಿದರೆ ತಂದುಕೊಡುವವರು. ಕರೆಂಟು ಹೋದರೆ ಫ್ಯೂಸ್ ನೋಡುವವರು. ಕೊಬ್ಬರಿ ಮಾರಿದ ದುಡ್ಡನ್ನು ಬ್ಯಾಂಕಿಗೆ ಕಟ್ಟಿ ಬರುವವರು. ರಾತ್ರಿ ಎರಡು ಗಂಟೆಗೆ ಅಪ್ಪನಿಗೆ ಎದೆನೋವು ಅಂದರೆ ನೀವು ಬೆಂಗಳೂರಿಂದ ಹೊರಡುವಷ್ಟರಲ್ಲಿ ಅವರು ತಿಪಟೂರು ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿರುತ್ತಾರೆ. ಅದಕ್ಕೆ ಸಂಬಳ ಇಲ್ಲ. ಹೋದಾಗ ಒಂದು ಶರ್ಟ್ ಪೀಸು, ಒಂದು ಕೇಜಿ ಮೈಸೂರ್ ಪಾಕ್, ‘ಏನಪ್ಪಾ ಚೆನ್ನಾಗಿದ್ದೀಯಾ’. ಅಷ್ಟರಲ್ಲೇ ಮುಗಿಯುತ್ತದೆ. ಥ್ಯಾಂಕ್ಸ್ ಹೇಳಿದರೆ ಅವನಿಗೇ ಮುಜುಗರ. ‘ಲೇ, ನಿಮ್ಮಮ್ಮ ನನಗೇನು ಬೇರೆಯವರಾ?’ ಎಂದುಬಿಡುತ್ತಾನೆ. ಆಮೇಲೆ ಒಂದು ದಿನ ಅವನೇ ಇಲ್ಲ.

ಹಾಗಾಗಿ ನಿಮ್ಮ ಅಳುವಿನಲ್ಲಿ ಮೂರು ಎಳೆ ಹೆಣೆದುಕೊಂಡಿವೆ ಎಂದು ನನ್ನ ಅಂದಾಜು. ಒಂದು, ಗೆಳೆಯ ಹೋದ ನೋವು. ಇನ್ನೊಂದು, ತೀರಿಸದೆ ಉಳಿದ ಋಣ. ಮೂರನೆಯದನ್ನು ನೀವು ಬರೆದಿಲ್ಲ, ಬಹುಶಃ ನಿಮಗೆ ನೀವೇ ಹೇಳಿಕೊಂಡೂ ಇಲ್ಲ: ಇನ್ನು ಅಪ್ಪ-ಅಮ್ಮನನ್ನು ಯಾರು ನೋಡ್ತಾರೆ ಅನ್ನುವ ಭಯ. ಈ ಯೋಚನೆ ಬಂದ ತಕ್ಷಣ ‘ಅವನು ಸತ್ತಿದ್ದಾನೆ, ನಾನು ನನ್ನ ಅನುಕೂಲ ಯೋಚಿಸ್ತಿದ್ದೀನಲ್ಲ’ ಎಂದು ನಾಚಿಕೆಯಾಗುತ್ತದೆ. ನಾಚಿಕೆ ಪಡುವಂಥದ್ದೇನೂ ಇಲ್ಲ. ಭಯವನ್ನು ಭಯ ಎಂದೇ ಕರೆದು, ಅದಕ್ಕೆ ಬೇರೆ ವ್ಯವಸ್ಥೆ ಮಾಡಿ. ಊರಲ್ಲಿ ಆಟೋ ಓಡಿಸುವ ಒಬ್ಬರ ಜೊತೆ ತಿಂಗಳ ಲೆಕ್ಕ ಮಾತಾಡಿ. ಔಷಧಿ ಅಂಗಡಿಯವರ ನಂಬರ್ ಇಟ್ಟುಕೊಳ್ಳಿ. ಒಂದು ತಪ್ಪನ್ನು ಮಾತ್ರ ಮಾಡಬೇಡಿ. ಅವನ ಮಗ ಬೆಳೆದಿದ್ದರೆ, ಅಪ್ಪನ ಜಾಗಕ್ಕೆ ಆ ಹುಡುಗನನ್ನು ಎಳೆದು ತರಬೇಡಿ. ‘ನಿಮ್ಮಪ್ಪ ನಮಗೆ ಹೀಗೆಲ್ಲ ಮಾಡ್ತಿದ್ದ’ ಅನ್ನುವ ಮಾತು ಮಗನ ಕಿವಿಗೆ ಹೊಗಳಿಕೆಯಾಗಿ ಬೀಳುವುದಿಲ್ಲ, ಕೆಲಸ ಒಪ್ಪಿಸಿದಂತೆ ಬೀಳುತ್ತದೆ.

ನಿಮ್ಮ ತಾಯಿಯ ಜೊತೆಯೂ ಕೂತು ಮಾತಾಡಿ. ಅವರೂ ಒಬ್ಬ ಮಗನನ್ನು ಕಳೆದುಕೊಂಡಿದ್ದಾರೆ, ಅವರನ್ನೂ ಯಾರೂ ಕೇಳಿರಲಿಕ್ಕಿಲ್ಲ. ಆ ಮಾತನ್ನು ಫೋನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ನುಡಿನಮನಕ್ಕೆ ಸರಕು ಅಲ್ಲೇ ಸಿಗುತ್ತದೆ.

ಇನ್ನು ಆ ಭಾಷಣ. ನಿಮಗಿಂತ ಮೊದಲು ಮಾತಾಡುವವರು ಏನು ಹೇಳುತ್ತಾರೆ ಎಂದು ನನಗೆ ಈಗಲೇ ಗೊತ್ತು, ನಿಮಗೂ ಗೊತ್ತು. ಸರಳ ಸಜ್ಜನ. ಅಜಾತಶತ್ರು. ಪರೋಪಕಾರಿ. ತುಂಬಲಾರದ ನಷ್ಟ. ಎಲ್ಲ ನಿಜವೇ ಇರಬಹುದು. ಆದರೆ ಈ ಮಾತುಗಳನ್ನು ಯಾವ ಫೋಟೋದ ಕೆಳಗಾದರೂ ಬರೆಯಬಹುದು. ಕೂತವರಿಗೆ ಅವನು ಕಾಣಿಸುವುದಿಲ್ಲ.

ಪುರುಸೊತ್ತು ಮಾಡಿಕೊಂಡು ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಒಮ್ಮೆ ಹೋಗಿ. ಅಲ್ಲಿ ಆತಕೂರಿನ ವೀರಗಲ್ಲು ಇದೆ, ಹೋರಾಡಿ ಸತ್ತವರ ನೆನಪಿಗೆ ಬರೆಸಿ ನಿಲ್ಲಿಸಿದ ಕಲ್ಲು. ಕ್ರಿ.ಶ. 949ರ ಸುಮಾರಿನದು, ಮಂಡ್ಯ ಜಿಲ್ಲೆ ಮದ್ದೂರಿನ ಕಡೆಯಿಂದ ಬಂದದ್ದು. ಅದರಲ್ಲಿ ರಾಜರ ಯುದ್ಧದ ಮಾತೂ ಇದೆ. ಆದರೆ ಜನ ಅದನ್ನು ನೆನಪಿಟ್ಟುಕೊಂಡಿರುವುದು ಒಂದು ನಾಯಿಯಿಂದ. ಮಣಲೇರ ಅನ್ನುವ ವೀರನ ಬೇಟೆನಾಯಿ, ಹೆಸರು ಕಾಳಿ. ಅದು ದೊಡ್ಡ ಹಂದಿಯೊಂದರ ಮೇಲೆ ಬಿದ್ದು ಹೋರಾಡಿತು, ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ‘ನಿಷ್ಠಾವಂತ ಪ್ರಾಣಿ’ ಎಂದು ಹೊಗಳಿ ಕಲ್ಲು ನಿಲ್ಲಿಸಿದವರು ಸುಮ್ಮನಾಗಲಿಲ್ಲ. ಯಾರ ನಾಯಿ, ಏನು ಹೆಸರು, ಎಲ್ಲಿ, ಯಾವುದರ ಜೊತೆ ಕಾದಾಡಿತು ಎಂದು ಬರೆಸಿದರು. ಕಲ್ಲಿಗೆ ಪೂಜೆ ಮಾಡದೆ ಅಲ್ಲಿನ ಪೂಜಾರಿ ಊಟ ಮಾಡುವಂತಿಲ್ಲ ಎಂದೂ ಬರೆಸಿದರು. ಸಾವಿರ ವರ್ಷದ ಮೇಲಾದರೂ ನಮಗೆ ಕಾಳಿ ಗೊತ್ತು. ಕನ್ನಡದವರಿಗೆ ನೆನೆಯುವ ಕ್ರಮ ಹಳೆಯ ಕಾಲದಿಂದ ಗೊತ್ತಿದೆ. ಅದು ಹಾಳಾಗಿದ್ದು ಈಚೆಗೆ, ಫ್ಲೆಕ್ಸ್ ಬಂದ ಮೇಲೆ ಅನ್ನಿಸುತ್ತದೆ ನನಗೆ.

ನೀವೂ ಹಾಗೇ ಮಾಡಿ. ಒಂದೇ ಒಂದು ಘಟನೆ ಆರಿಸಿಕೊಳ್ಳಿ. ದೊಡ್ಡದೇ ಆಗಬೇಕಿಲ್ಲ. ಯಾರದೋ ತೋಟದಲ್ಲಿ ಬೋರ್‌ವೆಲ್ ಮೋಟಾರು ಸುಟ್ಟುಹೋಗಿತ್ತು, ಬೇಸಿಗೆ, ಅಡಿಕೆ ಗಿಡ ಒಣಗುತ್ತಿತ್ತು, ಅವನು ರಾತ್ರಿ ಪೂರ್ತಿ ಕೂತು ವೈಂಡಿಂಗ್ ಮಾಡಿಕೊಟ್ಟ. ಇಂಥದ್ದು ನಿಮ್ಮೂರಲ್ಲಿ ಹತ್ತು ಸಿಗುತ್ತವೆ. ಅವನು ಆಗ ಏನಂದ? ಹೇಗೆ ಅಂದ? ದುಡ್ಡು ಕೊಡಲು ಹೋದರೆ ಏನು ಮಾಡುತ್ತಿದ್ದ? ಅವನ ಮಾತಿನ ಧಾಟಿಯನ್ನು ಹಾಗೇ ಹೇಳಿ, ಪುಸ್ತಕದ ಕನ್ನಡಕ್ಕೆ ತಿರುಗಿಸಬೇಡಿ. ಅವನು ಬೈಯುತ್ತಿದ್ದರೆ, ಬೈಗುಳದಲ್ಲಿ ಸಭೆಗೆ ತರಬಹುದಾದ ಒಂದನ್ನು ತನ್ನಿ.

ಅವನ ಕೊರತೆಯನ್ನೂ ಸೇರಿಸಿ. ‘ಬೆಳಿಗ್ಗೆ ಬರ್ತೀನಿ ಅಂದರೆ ಯಾವ ಬೆಳಿಗ್ಗೆ ಎಂದು ಹೇಳುತ್ತಿರಲಿಲ್ಲ’ ಅನ್ನುವಂಥ ಮಾತಿಗೆ ಊರಿಗೆ ಊರೇ ನಗುತ್ತದೆ. ಆ ನಗುವಿನಲ್ಲಿ ಅವನು ಕಾಣಿಸುತ್ತಾನೆ. ಸತ್ತವರನ್ನು ದೇವರು ಮಾಡಿದರೆ ಮನೆಯವರಿಗೆ ಕಷ್ಟ. ಅವರಿಗೆ ಗೊತ್ತಿದ್ದ ಮನುಷ್ಯ ಬೇರೆ ಇರುತ್ತಾನಲ್ಲ. ಆದರೆ ಮಿತಿ ಇರಲಿ. ಕುಡಿತ, ಸಾಲ, ಅಣ್ಣತಮ್ಮಂದಿರ ಜಗಳ, ಅವನ ಹೆಂಡತಿ ತಲೆ ತಗ್ಗಿಸುವಂಥದ್ದು ಏನೂ ಬೇಡ. ‘ಅವನು ಇನ್ನೂ ಸ್ವಲ್ಪ ಮೊದಲೇ ಡಾಕ್ಟರಿಗೆ ತೋರಿಸಿಕೊಂಡಿದ್ದರೆ’ ಅನ್ನುವ ಮಾತಂತೂ ಖಂಡಿತ ಬೇಡ. ಆ ಮನೆಯವರು ಅದನ್ನು ದಿನಕ್ಕೆ ಎಷ್ಟು ಸಲ ಅಂದುಕೊಳ್ಳುತ್ತಿದ್ದಾರೋ.

ಐದು ನಿಮಿಷ ಸಾಕು. ಬರೆದುಕೊಂಡು ಹೋಗಿ, ಒಂದೂವರೆ ಪುಟ. ಮನೆಯಲ್ಲಿ ಜೋರಾಗಿ ಓದಿ ನೋಡಿ. ಗಂಟಲು ಕಟ್ಟುವ ಸಾಲು ಯಾವುದು ಎಂದು ಆಗ ಗೊತ್ತಾಗುತ್ತದೆ. ಅಲ್ಲಿಗೆ ಬಂದಾಗ ಒಂದು ಗುಟುಕು ನೀರು ಕುಡಿಯಿರಿ. ಅಳು ಬಂದರೆ ಬರಲಿ. ‘ಈ ಊರಲ್ಲಿ ನನ್ನ ಅಪ್ಪ-ಅಮ್ಮನನ್ನು ನೋಡಿಕೊಂಡವನು ಇವನು, ಅವನಿಗೆ ನಾನು ಒಂದು ಸಲವೂ ಹೇಳಲಿಲ್ಲ, ಈಗ ಅವನ ಮಕ್ಕಳ ಎದುರಿಗೆ ಹೇಳುತ್ತಿದ್ದೇನೆ’ ಎಂದು ನೇರವಾಗಿ ಹೇಳಿ. ಅವನ ಮಕ್ಕಳಿಗೆ ಅಪ್ಪ ಮೋಟಾರು ರಿಪೇರಿಯವನು ಎಂದಷ್ಟೇ ಗೊತ್ತಿರಬಹುದು. ಬೆಂಗಳೂರಲ್ಲಿ ಒಂದು ಸಂಸಾರ ನೆಮ್ಮದಿಯಿಂದ ಮಲಗುತ್ತಿದ್ದುದು ಅವನಿಂದ ಎಂದು ಗೊತ್ತಿರಲಿಕ್ಕಿಲ್ಲ.

ಫೋನ್ ನಂಬರ್ ವಿಷಯ. ಅಳಿಸುವ ಅವಸರ ಏನಿಲ್ಲ. ಆದರೆ ಎರಡು ತಿಂಗಳಾಗಿರುವುದರಿಂದ ಒಂದು ಕೆಲಸ ಈ ವಾರವೇ ಮಾಡಿ. ಅವನ ವಾಯ್ಸ್ ಮೆಸೇಜುಗಳು ವಾಟ್ಸಾಪ್‌ನಲ್ಲಿದ್ದರೆ, ಚಾಟ್ ಎಕ್ಸ್‌ಪೋರ್ಟ್ ಮಾಡಿ ಬೇರೆ ಕಡೆ ಉಳಿಸಿಕೊಳ್ಳಿ. ಫೋನ್ ಬದಲಾದಾಗ, ಕಳೆದುಹೋದಾಗ ಮೊದಲು ಹೋಗುವುದೇ ಧ್ವನಿ. 120 ದಿನ ಬಳಸದಿದ್ದರೆ ವಾಟ್ಸಾಪ್ ಖಾತೆ ಸಾಮಾನ್ಯವಾಗಿ ರದ್ದಾಗುತ್ತದೆ, ವಾಟ್ಸಾಪ್‌ನಲ್ಲಿ ಕಾಣುವ ಅವನ ಪ್ರೊಫೈಲ್ ಫೋಟೋ ಮಾಯವಾಗಬಹುದು. ಸಿಮ್ ಬಂದ್ ಆದ ಮೇಲೆ ಕನಿಷ್ಠ 90 ದಿನ ಆ ನಂಬರನ್ನು ಬೇರೆಯವರಿಗೆ ಕೊಡುವುದಿಲ್ಲ. ಆಮೇಲೆ ಕೊಡಬಹುದು. ಒಂದು ದಿನ ಅವನ ಹೆಸರಿನ ಪಕ್ಕ ಯಾರದೋ ಮಗುವಿನ ಫೋಟೋ ಕಾಣಿಸಿದರೆ ಎದೆ ಧಸಕ್ಕೆನ್ನುತ್ತದೆ. ಮೊದಲೇ ಗೊತ್ತಿದ್ದರೆ ಒಳ್ಳೆಯದು. ನಂಬರ್ ಇಟ್ಟುಕೊಳ್ಳುವುದು, ಬಿಡುವುದು ನಿಮ್ಮಿಷ್ಟ. ಸತ್ತವರನ್ನು ಬಿಟ್ಟುಕೊಟ್ಟರೆ ಮಾತ್ರ ಗುಣ ಅನ್ನುವುದು ಹಳೆಯ ನಂಬಿಕೆ. ಅವರ ಜೊತೆ ಒಂದು ನಂಟು ಉಳಿಸಿಕೊಂಡೇ ಜನ ಚೆನ್ನಾಗಿ ಬದುಕುತ್ತಾರೆ ಎಂದು 1996ರಿಂದ ಈಚೆಗೆ ಸಂಶೋಧಕ ಡೆನಿಸ್ ಕ್ಲಾಸ್ ಮತ್ತು ಜೊತೆಗಾರರು ತೋರಿಸಿದ್ದಾರೆ.

ಅವನ ಮನೆಯವರಿಗೂ ಹೇಳಿ, ಸಿಮ್‌ಗೆ ರೀಚಾರ್ಜ್ ಮಾಡಿಸುತ್ತಿರಲಿ. ಬ್ಯಾಂಕಿನ ಮೆಸೇಜು, ಒಟಿಪಿ ಅದಕ್ಕೇ ಬರುವುದು. ಇಲ್ಲಿಂದ ಶುರುವಾಗುತ್ತದೆ ನಿಮ್ಮ ನಿಜವಾದ ಕೆಲಸ.

ಅವನು ಕೈಯಲ್ಲಿ ಸ್ಪ್ಯಾನರ್ ಹಿಡಿದು ಊರಿಗೆ ಆದವನು. ನಿಮಗೆ ಸ್ಪ್ಯಾನರ್ ಬರಲ್ಲ, ಅರ್ಜಿ ತುಂಬೋದು ಬರುತ್ತೆ. ಅದನ್ನೇ ಮಾಡಿ. ಮರಣ ಪ್ರಮಾಣಪತ್ರ ಕೈಗೆ ಬಂದಿದೆಯಾ ನೋಡಿ. 21 ದಿನದೊಳಗೆ ನೋಂದಣಿ ಆಗಬೇಕಿತ್ತು. ಆಗಿಲ್ಲದಿದ್ದರೆ ತಡವಾದರೂ ಮಾಡಿಸಬಹುದು, ಓಡಾಟ ಜಾಸ್ತಿ ಅಷ್ಟೆ. ಅವನ ಬ್ಯಾಂಕ್ ಪಾಸ್‌ಬುಕ್ ತೆಗೆದು ಮೇ ಕೊನೆ, ಜೂನ್ ಮೊದಲ ವಾರದ ಸಾಲುಗಳನ್ನು ನೋಡಿ. 436 ರೂಪಾಯಿ ಕಟ್ ಆಗಿದ್ದರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ. ನಾಮಿನಿಗೆ 2 ಲಕ್ಷ ರೂಪಾಯಿ ಬರಬೇಕು. ಹೃದಯಾಘಾತಕ್ಕೂ ಬರುತ್ತದೆ. ಯಾವುದೋ ಕ್ಯಾಂಪಿನಲ್ಲಿ ಸಹಿ ಹಾಕಿ ಮರೆತವರು ಬಹಳ ಜನ, ಮನೆಯವರಿಗೆ ಗೊತ್ತೇ ಇರುವುದಿಲ್ಲ. ಬ್ಯಾಂಕಿನವರು ತಾವಾಗಿ ಬಂದು ಹೇಳುವುದೂ ಇಲ್ಲ. 20 ರೂಪಾಯಿ ಕಟ್ ಆಗಿದ್ದರೆ ಅದು ಅಪಘಾತ ವಿಮೆ, ಈ ಸಾವಿಗೆ ಸಿಗುವುದಿಲ್ಲ. ಬಿಪಿಎಲ್ ಕುಟುಂಬವಾಗಿದ್ದರೆ, ದುಡಿಯುವವರು 60 ತುಂಬುವ ಮೊದಲೇ ತೀರಿಕೊಂಡಾಗ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಲ್ಲಿ 20,000 ರೂಪಾಯಿ ಇದೆ. ವಿಧವಾ ವೇತನದ ಅರ್ಜಿಯನ್ನೂ ನಾಡಕಚೇರಿಯಲ್ಲಿ ಕೇಳಿ. ಅವನಿಗೆ ಬರಬೇಕಾದ ರಿಪೇರಿ ಬಾಕಿ ಇರುತ್ತದೆ, ಇಂಥವರು ಸಾಲದ ಲೆಕ್ಕವನ್ನು ಗೋಡೆ ಮೇಲೆ ಪೆನ್ಸಿಲಲ್ಲಿ ಬರೆದಿರುತ್ತಾರೆ. ಗೋಡೆಗೆ ಸುಣ್ಣ ಹೊಡೆಯುವ ಮೊದಲು ಒಂದು ಫೋಟೋ ತೆಗೆದಿಡಿ.

ಫ್ಲೆಕ್ಸ್, ಪತ್ರಿಕೆಯಲ್ಲಿ ಶ್ರದ್ಧಾಂಜಲಿ, ಇವಕ್ಕೆ ಗೆಳೆಯರೆಲ್ಲ ಸೇರಿ ದುಡ್ಡು ಹಾಕುವ ಮಾತು ಬಂದೇ ಬರುತ್ತದೆ. ಒಂದು ಸಣ್ಣದು ಇರಲಿ, ಬೇಡ ಅಂದರೆ ಜಗಳವಾಗುತ್ತದೆ. ಉಳಿದದ್ದನ್ನು ನೀವು ಓದಿದ ಶಾಲೆಯ ಹೆಸರಲ್ಲಿ ದತ್ತಿ ಇಡಿ. 50,000 ರೂಪಾಯಿ ಠೇವಣಿಗೆ ಶೇ 7ರ ಬಡ್ಡಿ ಸಿಕ್ಕರೆ ವರ್ಷಕ್ಕೆ 3,500. ವಿಜ್ಞಾನದಲ್ಲಿ ಚೆನ್ನಾಗಿ ಮಾಡಿದ ಒಂದು ಮಗುವಿಗೆ ಅವನ ಹೆಸರಲ್ಲಿ ಬಹುಮಾನ ಕೊಡಬಹುದು. ನಮ್ಮ ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿ ದತ್ತಿ ಉಪನ್ಯಾಸಗಳು ನಡೆಯುವುದೂ ಹೀಗೆ ಇಟ್ಟ ಹಣದಿಂದಲೇ.

ವರ್ಷಕ್ಕೊಮ್ಮೆ ನೆನೆಯಲು ದಿನ ಬೇಕು ಅನ್ನಿಸಿದರೆ ಪಿತೃಪಕ್ಷ ಇದೆ. ಅದು ಬರೀ ಅಪ್ಪ-ಅಜ್ಜಂದಿರಿಗೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಮಹಾಲಯದಲ್ಲಿ ತರ್ಪಣ ಬಿಡುವವರ ಪಟ್ಟಿಯಲ್ಲಿ ಗುರುಗಳ ಜೊತೆ ಗೆಳೆಯರಿಗೂ ಜಾಗ ಇದೆ. ಹಳ್ಳಿಗಳಲ್ಲಿ ಎಡೆ ಇಡುವವರು ಇನ್ನೂ ಧಾರಾಳ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಇಡುತ್ತಾರೆ, ಮುದ್ದೆ-ಕೋಳಿಸಾರಿನಿಂದ ಹಿಡಿದು ಬೀಡಿಕಟ್ಟಿನ ತನಕ. ಅಮ್ಮ ಎಡೆ ಇಡುವಾಗ ಅವನಿಗೂ ಒಂದು ಎಲೆ ಹಾಕಲಿ. ಕೇಳಿ ನೋಡಿ, ಅವರೇ ಆಗಲೇ ಅಂದುಕೊಂಡಿರುತ್ತಾರೆ.

ಯಾವಾಗ ವೈದ್ಯರನ್ನು ನೋಡಬೇಕು? ಆರು ತಿಂಗಳು, ವರ್ಷ ಕಳೆದರೂ ದಿನದ ಬಹುಪಾಲು ಇದೇ ಕೊರಗು, ಕೆಲಸ ಮಾಡಲಾಗದು, ಯಾರೂ ಬೇಡ, ಬದುಕಿ ಏನು ಪ್ರಯೋಜನ ಅನ್ನುವ ಹಾಗಾದರೆ ಅದಕ್ಕೆ ಚಿಕಿತ್ಸೆ ಬೇಕು. ದೀರ್ಘಕಾಲದ ದುಃಖವನ್ನು ಕಾಯಿಲೆ ಎಂದು ಗುರುತಿಸಲು ವಿಶ್ವ ಆರೋಗ್ಯ ಸಂಸ್ಥೆ ಕನಿಷ್ಠ ಆರು ತಿಂಗಳ ಗಡುವು ಇಟ್ಟಿದೆ, ಅಮೆರಿಕದ ಮನೋವೈದ್ಯರು ದೊಡ್ಡವರಿಗೆ ಒಂದು ವರ್ಷ. ಸಾಯುವ ಯೋಚನೆ ಬಂದರೆ ಮಾತ್ರ ಯಾವ ಗಡುವೂ ನೋಡಬೇಡಿ, ಅವತ್ತೇ 14416ಕ್ಕೆ ಫೋನ್ ಮಾಡಿ. ಅದು ಟೆಲಿ-ಮಾನಸ್, ಉಚಿತ, ರಾತ್ರಿ ಹಗಲು ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಇನ್ನೊಂದು ಮಾತು, ಗೆಳೆಯನ ವಯಸ್ಸೇ ನಿಮ್ಮದೂ. ಬಿಪಿ, ಶುಗರ್, ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಿಕೊಳ್ಳಿ. ರಾತ್ರಿ ಎದೆ ಹಿಡಿದಂತಾಗುತ್ತಿದ್ದರೆ ‘ಬರೀ ದುಃಖ’ ಎಂದು ನೀವೇ ತೀರ್ಮಾನಿಸಬೇಡಿ.

ನುಡಿನಮನದ ದಿನಕ್ಕೆ ರಜೆ ಈಗಲೇ ಹಾಕಿ. ‘ಸ್ವಂತ ಕೆಲಸ’ ಎಂದರೆ ಸಾಕು, ಯಾರು ಏನಾಗಬೇಕು ಎಂದು ವಿವರಿಸಲು ಹೋಗಬೇಡಿ. ಹಿಂದಿನ ಸಂಜೆಯೇ ಊರು ಸೇರಿಕೊಳ್ಳಿ, ಕುರ್ಚಿ ಇಳಿಸೋದು, ಮೈಕ್ ನೋಡೋದು ಇರುತ್ತದೆ. ಹೆಂಡತಿಯನ್ನೂ ಕರ್ಕೊಂಡು ಹೋಗಿ. ಆ ಮನೆಯ ಹೆಣ್ಣುಮಗಳು ಪಾಸ್‌ಬುಕ್, ಸಾಲ, ಮಕ್ಕಳ ಫೀಸಿನ ವಿಷಯವನ್ನು ನಿಮ್ಮ ಹತ್ತಿರ ಹೇಳಿಕೊಳ್ಳದೆ ಇರಬಹುದು, ನಿಮ್ಮ ಹೆಂಡತಿಯ ಹತ್ತಿರ ಹೇಳುತ್ತಾರೆ.